ಸಜ್ಜದ ಕೆಳಗಿನ ಕಪ್ಪು ಹಲಗೆ

ಚಿಕ್ಕ ಗಡಿಯಾರದ ಗೋಪುರದ ಹಿಂದಿನ ನಮ್ಮ ಗಲ್ಲಿಯಲ್ಲಿ ಸುಳ್ಳು ಹೇಳಿದವನು ನಾನೊಬ್ಬನೇ ಅಲ್ಲ. ವ್ಯಾಪಾರ ಮಾಡುವಾಗ ಎಲ್ಲರೂ ಅಷ್ಟಿಷ್ಟು ಹೇಳುತ್ತಿದ್ದೆವು. ಆದರೆ ಕಪ್ಪು ಹಲಗೆಯ ವಿಷಯದಲ್ಲಿ ಸುಳ್ಳಾಡಿದವನು ನಾನೊಬ್ಬನೇ. ಅದನ್ನು ಇದ್ದದ್ದು ಇದ್ದಹಾಗೆ ಹೇಳಿ ಮುಗಿಸಬೇಕೆಂದು ಕೂತಿದ್ದೇನೆ.

ಗಲ್ಲಿಯ ಬಾಯಲ್ಲಿದ್ದ ಕಾಫಿಪುಡಿ ಅಂಗಡಿಯ ಗೋಡೆಗೆ ಆ ಹಲಗೆಯನ್ನು ಬಡಿದಿದ್ದರು. ಯಾವುದೋ ಶಾಲೆಯವರು ಹರಾಜಿಗೆ ಹಾಕಿದ ಹಳೆಯ ಹಲಗೆ. ಮೇಲೆ ಅಗಲವಾದ ಕಲ್ಲಿನ ಸಜ್ಜ. ನಮ್ಮ ಗಲ್ಲಿಯ ಸಣ್ಣ ವರ್ತಕರೆಲ್ಲ ಸೇರಿ ಕಟ್ಟಿಕೊಂಡ ಸಂಘಕ್ಕೆ ಕಚೇರಿ ಇರಲಿಲ್ಲ, ಪತ್ರಿಕೆ ಇರಲಿಲ್ಲ. ಇದ್ದದ್ದು ಆ ಹಲಗೆ ಒಂದೇ. ಸಕ್ಕರೆ ಯಾವತ್ತು ಬರುತ್ತದೆ, ದಸರಾ ಮೆರವಣಿಗೆಗೆ ಯಾವ ರಸ್ತೆ ಕಟ್ಟುತ್ತಾರೆ, ಯಾರು ಹೊಸದಾಗಿ ಅಂಗಡಿ ತೆರೆದರು, ಎಲ್ಲವನ್ನೂ ಅಲ್ಲೇ ಓದುತ್ತಿದ್ದೆವು. ತೂಕದ ಇನ್‌ಸ್ಪೆಕ್ಟರು ಪಕ್ಕದ ಬೀದಿಗೆ ಬಂದಿದ್ದರೆ ‘ಮಾವನವರು ಬಂದಿದ್ದಾರೆ’ ಎಂದು ಬರೆಯುವುದು ವಾಡಿಕೆ. ಒಮ್ಮೆ ಬಳೆ ಅಂಗಡಿಯವನ ನಿಜವಾದ ಮಾವನೇ ಊರಿಂದ ಬಂದು ಅದನ್ನು ಓದಿ, ಅಳಿಯ ತನ್ನನ್ನು ಇಷ್ಟು ಗೌರವದಿಂದ ಕಾಣುತ್ತಾನಲ್ಲ ಎಂದು ಕಣ್ಣೊರೆಸಿಕೊಂಡಿದ್ದ.

ಗಲ್ಲಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಅಕ್ಷರ ದುಂಡಗಿತ್ತು. ಹೀಗಾಗಿ ಸೀಮೆಸುಣ್ಣ ನನ್ನ ಕೈಗೆ ಬಂತು. ನನ್ನ ಕಸುಬು ಪೇಟ ಕಟ್ಟುವುದು. ಅಪ್ಪನ ಕಾಲದಲ್ಲಿ ಕಚೇರಿಯ ಗುಮಾಸ್ತರೆಲ್ಲ ಜರಿಪೇಟ ಇಟ್ಟುಕೊಂಡೇ ಹೋಗುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಒಬ್ಬೊಬ್ಬರಾಗಿ ಬರಿದಲೆಯಲ್ಲಿ ಹೋಗತೊಡಗಿದರು. ನಮಗೆ ಉಳಿದದ್ದು ಮದುವೆ, ದಸರಾ, ಮತ್ತು ಬ್ಯಾಂಡಿನವರು. ಆ ಉಳಿದದ್ದರಲ್ಲಿ ಅರ್ಧ ಎದುರಿನ ಅಂಗಡಿಯವನದು. ಹೂಟಗಳ್ಳಿಯ ಒಕ್ಕಲಿನ ಮನೆಯವನು, ದಿನಾ ಅಲ್ಲಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಎರಡು ಬಾಗಿಲಿನ ಅಂಗಡಿ ಅವನದು. ಬ್ಯಾಂಡಿನವರ ಪೇಟಗಳನ್ನೆಲ್ಲ ಅವನೇ ಕಟ್ಟುತ್ತಿದ್ದ. ನನಗೆ ಅದೊಂದು ಕಣ್ಣುರಿ.

ಗಲ್ಲಿಯಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಕಾಯಿಲೆಗೋ ಸಾವಿಗೋ ಅಂಗಡಿ ಮುಚ್ಚಿದರೆ, ಹಲಗೆಯ ಮೇಲೆ ಅವರ ಅಂಗಡಿಯ ಹೆಸರು ಬರೆದು ಕೆಳಗೆ ‘ಬಾಗಿಲು ಕಾಯಿರಿ’ ಎಂದು ಬರೆಯಬೇಕು. ಆಮೇಲೆ ಅವರ ಗಿರಾಕಿಯನ್ನು ಯಾರೂ ಸೆಳೆದುಕೊಳ್ಳುವಂತಿಲ್ಲ. ಅದೇ ಕಸುಬಿನವರು ಇದ್ದರೆ ಕೆಲಸವನ್ನು ಅವರ ಹೆಸರಿನಲ್ಲೇ ಒಪ್ಪಿಕೊಂಡು, ಅವರ ಹೆಸರಿನಲ್ಲೇ ಮಾಡಿಕೊಡಬೇಕು. ಯಾರೂ ಕಾಗದದ ಮೇಲೆ ಬರೆದಿಟ್ಟ ನಿಯಮವಲ್ಲ ಅದು. ಆದರೆ ಅದರಿಂದಲೇ ಎಷ್ಟೋ ಅಂಗಡಿಗಳು ಮತ್ತೆ ಬಾಗಿಲು ತೆರೆದದ್ದನ್ನು ನಾನು ಕಂಡಿದ್ದೇನೆ.

ಒಂದು ವರ್ಷ, ದಸರಾ ಹತ್ತಿರವಿದ್ದಾಗ, ಎದುರಿನವನ ಹೆಂಡತಿ ಬೆಳಗ್ಗೆಯೇ ನನ್ನ ಅಂಗಡಿಗೆ ಬಂದಳು.

“ಅಣ್ಣ, ನಮ್ಮೆಜಮಾನ್ರು ಹುಣಸೂರು ರೋಡ್ನಲ್ಲಿ ಸೈಕಲ್ಲಿಂದ ಬಿದ್ಬುಟ್ಟವ್ರೆ. ಬಲಗೈ ಮುರ್ದೋಗದೆ. ಹಬ್ಬದೊತ್ಗೆ ಎಂಗಾದ್ರೂ ಮಾಡಿ ಬತ್ತೀವಿ. ಬಾಗ್ಲು ಕಾಯ್ರಿ ಅಂತ ವಸಿ ಬರ್ದುಬುಡಿ.”

“ಬರೀತೀನಿ, ನೀವು ಹೋಗಿಬನ್ನಿ” ಎಂದೆ.

ಬರೆಯಲಿಲ್ಲ. ಅವತ್ತು ಸಕ್ಕರೆಯ ಸುದ್ದಿ ಬರೆದೆ. ಮರುದಿನ ನಲ್ಲಿ ನೀರಿನ ಸುದ್ದಿ. ಮರೆತೆ ಎಂದು ಹೇಳಿಕೊಳ್ಳುವಂತಿಲ್ಲ. ಸೀಮೆಸುಣ್ಣ ಹಿಡಿದಾಗಲೆಲ್ಲ ನೆನಪಾಗುತ್ತಿತ್ತು. ಬೀಗ ಹಾಕಿದ ಬಾಗಿಲು ನೋಡಿ ಕಾಫಿಪುಡಿಯ ಯಜಮಾನರು ನನ್ನನ್ನೇ ಕೇಳಿದರು.

“ಏನಯ್ಯಾ, ನಿನ್ನ ಎದುರಿನೋನು ಎಲ್ಲೋದ?”

“ಯಾರಿಗ್ಗೊತ್ತು ಸ್ವಾಮಿ? ಅವನ ಊರಿನ ಕಡೆ ಫ್ಯಾಕ್ಟರಿ ಬರುತ್ತೆ ಅಂತಿದ್ದಾರಲ್ಲ, ಅಲ್ಲೇ ಕೆಲಸಕ್ಕೆ ಸೇರ್ಕೊಂಡ್ನೋ ಏನೋ.”

“ಹೇಳ್ದೆ ಕೇಳ್ದೆ ಹೋಗ್ಬುಟ್ನಾ? ಇಂಥೋರಿಗೆ ಗಲ್ಲಿ ಯಾಕೆ, ಸಂಘ ಯಾಕೆ!” ಎಂದು ಅವರು ಮುಖ ಸಿಂಡರಿಸಿದರು.

ಆ ಮಾತು ಸಂಜೆಯೊಳಗೆ ಗಲ್ಲಿಯೆಲ್ಲ ಸುತ್ತಿತು. ಬ್ಯಾಂಡಿನ ಮೇಸ್ತ್ರಿ ಬಂದು ಬೀಗ ನೋಡಿದರು, ಹಲಗೆ ನೋಡಿದರು, ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ನಾನು ದಾರ ತೆಗೆದು ಅವರ ಮಂದಿಯ ತಲೆಗಳನ್ನು ಅಳೆದೆ. ನಾವು ಅಳತೆ ಇಡುತ್ತಿದ್ದದ್ದು ಹಾಗೆಯೇ. ಒಂದೊಂದು ತಲೆಗೆ ಒಂದೊಂದು ದಾರ, ಸುತ್ತಳತೆಗೆ ಒಂದು ಗಂಟು, ತುದಿಯಲ್ಲಿ ಗುರುತಿನ ಬಣ್ಣದ ಚಿಂದಿ. ಎಲ್ಲವನ್ನೂ ಸೇರಿಸಿ ಮೊಳೆಗೆ ನೇತುಹಾಕಿದೆ.

ಹಬ್ಬದ ಹಿಂದಿನ ವಾರ ಎದುರಿನವನ ಹೆಂಡತಿ ಬಂದು ಅಂಗಡಿ ತೆರೆದಳು. ಗಂಡ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತು ಹೇಳುತ್ತಿದ್ದ, ಅವಳು ಮರದ ತಲೆಯ ಮೇಲೆ ಪೇಟ ಸುತ್ತುತ್ತಿದ್ದಳು. “ಹೆಂಗಸು ಕಟ್ಟಿದ ಪೇಟ ತಲೇಲಿ ನಿಲ್ಲುತ್ತೇನಮ್ಮಾ?” ಎಂದು ಬಳೆ ಅಂಗಡಿಯವನು ರೇಗಿಸಿದ. “ನಿಮ್ ತಲೇನ ನಿಮ್ಮೆಂಡ್ರು ನಿಲ್ಸಿಲ್ವಾ? ಅಂಗೇ ಇದೂವೆ” ಎಂದಳು. ಗಲ್ಲಿಯೆಲ್ಲ ನಕ್ಕಿತು. ಆದರೆ ಗಿರಾಕಿ ಬರಲಿಲ್ಲ. ಫ್ಯಾಕ್ಟರಿ ಕೆಲಸದಲ್ಲೇ ಕೈ ಮುರಿದುಕೊಂಡು ವಾಪಸಾದನೆಂದು ಗಲ್ಲಿಯವರು ತಾವೇ ಅಂದುಕೊಂಡಿದ್ದರು.

ಮಧ್ಯಾಹ್ನ ಅವಳು ನನ್ನೆದುರು ಬಂದು ನಿಂತಳು. “ಅಣ್ಣ, ಬರ್ದಿದ್ರಾ?”

“ಬರೆದಿದ್ದೆ ಕಣಮ್ಮ. ಮಳೆ ಬಂದು ಅಳಿಸಿಹೋಯ್ತು.”

ಅವಳು ತಿರುಗಿ ಗಲ್ಲಿಯ ಬಾಯಿಯ ಕಡೆ ನೋಡಿದಳು. ಹಲಗೆ ನೋಡಿದಳು, ಅದರ ಮೇಲಿನ ಸಜ್ಜ ನೋಡಿದಳು. ಯಾವ ಮಳೆಯ ಇರಚಲೂ ಮುಟ್ಟದಷ್ಟು ಅಗಲವಾದ ಸಜ್ಜ. “ಆಗ್ಲಿ ಬುಡಿ” ಎಂದು ಹೋದಳು.

ಆ ದಸರಾದ ಬ್ಯಾಂಡಿನ ಕೆಲಸ ನನ್ನದಾಯಿತು. ಮುಂದಿನ ವರ್ಷಗಳಲ್ಲೂ ನನ್ನ ಬಳಿಯೇ ಉಳಿಯಿತು. ಎದುರಿನವರು ಎರಡು ಬಾಗಿಲಿನಲ್ಲಿ ಒಂದನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಅವನ ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಪೇಟ ಕಟ್ಟುವವಳು ಅವಳೇ ಆದಳು. ಉಳಿದ ಒಂದು ಬಾಗಿಲನ್ನೂ ಮುಚ್ಚಬೇಕಾದೀತೆಂಬ ಮಾತು ಆಗಾಗ ಕಿವಿಗೆ ಬೀಳುತ್ತಿತ್ತು. ಮುಚ್ಚಲಿಲ್ಲ. ನಾನು ಬೆಳಗ್ಗೆ ಬರುವಷ್ಟರಲ್ಲಿ ಆ ಬಾಗಿಲಿನ ಮುಂದೆ ನೀರು ಹಾಕಿ ರಂಗೋಲಿ ಇಟ್ಟಿರುತ್ತಿತ್ತು. ನನಗೋ ಹಲಗೆಯ ಮುಂದೆ ನಿಲ್ಲುವುದೇ ದಿನಾ ಒಂದು ಶಿಕ್ಷೆ. ಆದರೂ ಸೀಮೆಸುಣ್ಣ ಬಿಡಲಿಲ್ಲ. ಬಿಟ್ಟರೆ ಯಾಕೆಂದು ಕೇಳುತ್ತಾರಲ್ಲ.

ಕೆಲವು ವರ್ಷಗಳ ಮೇಲೆ, ಮದುವೆಯ ಕಾಲದಲ್ಲಿ ನನ್ನ ತಾಯಿ ತೀರಿಕೊಂಡರು. ಒಪ್ಪಿಕೊಂಡ ಕೆಲಸವೆಲ್ಲ ಅಂಗಡಿಯಲ್ಲೇ ಉಳಿಯಿತು. ಹಲಗೆಯ ಮೇಲೆ ಬರೆಯಬೇಕಾದವನೇ ನಾನು, ನನ್ನ ಸುದ್ದಿ ಯಾರು ಬರೆಯುತ್ತಾರೆ? ವೈಕುಂಠ ಸಮಾರಾಧನೆ ಮುಗಿಸಿ ಗಲ್ಲಿಗೆ ಬಂದಾಗ ಹಲಗೆಯ ಮೇಲೆ ಅಕ್ಷರವಿರಲಿಲ್ಲ. ಒಂದು ಪೇಟದ ಚಿತ್ರ, ಅದರ ಕೆಳಗೆ ಒಂದು ಬಾಗಿಲಿನ ಚಿತ್ರ. ಎದುರಿನ ಅಂಗಡಿಯವಳಿಗೆ ಓದುಬರಹ ಬರುತ್ತಿರಲಿಲ್ಲ.

ನನ್ನನ್ನು ಕಂಡು ಅವಳು ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನು ತಂದಿಟ್ಟಳು. “ಮೂರು ಮದ್ವೆಯೋರು ಬಂದಿದ್ರು. ಒಂದು ಕೊಟ್ಟಾಯ್ತು, ಮಿಕ್ಕಿದ್ದು ಇಲ್ಲೇ ಅವೆ. ನಿಮ್ಮೆಸರೇ ಯೋಳಿವ್ನಿ.”

ನನ್ನ ಬಾಯಿ ತಾನಾಗಿ ತೆರೆಯಿತು. “ಅಮ್ಮಾ, ಅವತ್ತು ನಾನು ಬರೆದಿರಲಿಲ್ಲ. ಬೇಕೂಂತ್ಲೇ ಬರೆದಿರಲಿಲ್ಲ. ಫ್ಯಾಕ್ಟರಿ ಸೇರಿದ ಅಂತ ಹಬ್ಬಿಸಿದವನೂ ನಾನೇ.”

ಅವಳು ಅಳಲಿಲ್ಲ, ಬೈಯಲಿಲ್ಲ. “ನಂಗ್ಯಾಕೆ ಯೋಳ್ತೀರಿ? ನಂಗೆ ಗೊತ್ತಿರೋದೇಯ. ಗೊತ್ತಿಲ್ದೋರಿಗೆ ಯೋಳಿ” ಎಂದು ಒಳಗೆ ಹೋದಳು.

ಆ ರಾತ್ರಿ ಹೆಂಡತಿಗೆ ಹೇಳಿದೆ. ಮರ್ಯಾದೆ ಹೋದರೆ ಮಕ್ಕಳ ಗತಿ ಏನು ಎಂದಳು. ನಾನು ಆಗಲೇ ತೀರ್ಮಾನಿಸಿದ್ದೆ. ಬೆಳಗ್ಗೆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನನಗೆ ಬರುವಷ್ಟು ದುಂಡಗೆ ಬರೆದೆ: ‘ಎದುರಿನ ಪೇಟದ ಅಂಗಡಿಯವರು ಕೈ ಮುರಿದು ಮಲಗಿದ್ದಾಗ ಬಾಗಿಲು ಕಾಯಿರಿ ಎಂದು ಹೇಳಿಕಳಿಸಿದ್ದರು. ನಾನು ಬರೆಯದೆ ಮುಚ್ಚಿಟ್ಟೆ. ಅವರು ಗಲ್ಲಿಗೆ ಮೋಸ ಮಾಡಿ ಹೋಗಿರಲಿಲ್ಲ. ಬ್ಯಾಂಡಿನ ಕೆಲಸ ಅವರದು.’ ಕೆಳಗೆ ನನ್ನ ಹೆಸರು ಹಾಕಿದೆ.

ಜನ ಸೇರಿದರು. ಬಳೆ ಅಂಗಡಿಯವನು ಗಟ್ಟಿಯಾಗಿ ಓದಿ ಹೇಳುತ್ತಾ ಹೋದಂತೆ ದನಿ ಇಳಿಸಿದ. ಕಾಫಿಪುಡಿಯ ಯಜಮಾನರು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಅಕ್ಷರ ಚೆನ್ನಾಗದೆ” ಎಂದರು. “ಸೀಮೆಸುಣ್ಣ ಇತ್ತ ಕೊಡು.”

ಕೊಟ್ಟೆ. ಆಮೇಲೆ ಅವರು ತಾವಾಗಿ ಎದುರಿನ ಅಂಗಡಿಗೆ ಹೋಗಿ ಅವಳ ಗಂಡನ ಮುಂದೆ ಕೈಮುಗಿದು ನಿಂತರು. ಅವರೇನು ಹೇಳಿದರೋ ನನಗೆ ಕೇಳಿಸಲಿಲ್ಲ.

ನಾನು ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾಗ ಅವಳು ಬಂದಳು. “ಬ್ಯಾಂಡ್ನೋರ ಅಳ್ತೆ ಎಲ್ಲಾ ನಿಮ್ತಾವೇ ಅಲ್ವಾ ಇರೋದು? ಕೊಡಿ.”

ಮೊಳೆಯಿಂದ ದಾರದ ಗೊಂಚಲನ್ನು ಬಿಚ್ಚಿ, ನಾನೇ ಗಲ್ಲಿ ದಾಟಿ ಹೋಗಿ ಅವಳ ಗಂಡನ ಕೈಗಿಟ್ಟೆ. ಅವನು ಸೊಟ್ಟ ಕೈಯಲ್ಲಿ ಒಂದೊಂದೇ ದಾರವನ್ನು ಬೆಳಕಿಗೆ ಹಿಡಿದು ನೋಡಿದ. “ಇದು ಡೋಲು ಬಡಿಯೋನ್ದು ತಾನೆ? ಅವ್ನ ತಲೆ ಈಗ ಇದರಲ್ಲಿ ಹಿಡಿಯಲ್ಲ ಕಣ್ರೀ, ತಿರ್ಗಾ ಅಳೀಬೇಕು” ಎಂದ. ಅಷ್ಟು ವರ್ಷಗಳ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಅಂಗಡಿಗೆ ಬೀಗ ಹಾಕಿ ಬ್ಯಾಂಡಿನ ಮೇಸ್ತ್ರಿಯ ಮನೆಗೂ ಅವತ್ತೇ ಹೋದೆ. ಅವರು ಒಪ್ಪಲಿಲ್ಲ. “ನಿಮ್ಮ ಗಲ್ಲಿ ಜಗಳ ನನಗ್ಯಾಕ್ರೀ? ಇಷ್ಟು ವರ್ಷ ಕಟ್ಟಿದ್ದೀರಿ, ನಾನು ನಿಮ್ಮತ್ರಾನೇ ಕಟ್ಟಿಸ್ತೀನಿ.”

“ನನ್ನತ್ರ ನಿಮ್ಮವರ ಒಂದು ತಲೆಯ ಅಳತೆಯೂ ಇಲ್ಲ” ಎಂದೆ. “ಅಲ್ಲಿ ಎಲ್ಲಾ ಇದೆ. ಏಳಿ, ಹೋಗೋಣ.”

ಅವರು ಗೊಣಗುತ್ತ ಚಪ್ಪಲಿ ಮೆಟ್ಟಿಕೊಂಡರು. ದಾರಿಯುದ್ದಕ್ಕೂ ನಾನು ಮುಂದೆ, ಅವರು ಹಿಂದೆ. ಅವರನ್ನು ಆ ಒಂದೇ ಬಾಗಿಲಿನ ಅಂಗಡಿಯ ಮೆಟ್ಟಿಲು ಹತ್ತಿಸಿ, ಒಳಗೆ ಅವಳು ದಾರ ಕೈಗೆತ್ತಿಕೊಂಡದ್ದನ್ನು ನೋಡಿದ ಮೇಲೆಯೇ ನನ್ನ ಅಂಗಡಿಗೆ ಬಂದು ಬಾಗಿಲು ತೆರೆದೆ.