ಶಿಲಾಯುಗದಲ್ಲಿ ನಮ್ಮತ್ತೆ

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಜಯಮ್ಮತ್ತೆ ಶಿಲಾಯುಗಕ್ಕೆ ಹೋಗಿಬಂದರು. ದಾರಿ ಅವರ ಓರಗಿತ್ತಿಯ ಮನೆಯ ಮೂಲಕ ಹಾದುಹೋಗುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಕಷ್ಟದ ಪ್ರಯಾಣ ಎಂದು ನನ್ನನ್ನು ಕೇಳಬೇಡಿ, ಓರಗಿತ್ತಿ ಇರುವ ಯಾರನ್ನಾದರೂ ಕೇಳಿ.

ವಿಷಯ ಏನಪ್ಪಾ ಅಂದರೆ, ನಮ್ಮತ್ತೆ ಒಂದು ಸಿನಿಮಾದಲ್ಲಿ ನಟಿಸಿದ್ದಾರೆ. (ನಗಬೇಡಿ. ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ, ಆವತ್ತು ಸಾರಿಗೆ ತುಪ್ಪ ಬೀಳಲಿಲ್ಲ.) ಸಿನಿಮಾದ ಹೆಸರು ‘ಗವಿಯಲ್ಲೊಬ್ಬ ಗಂಡ’. ಒಬ್ಬ ಆದಿಮಾನವ, ಅವನಿಗೆ ಇಬ್ಬರು ಹೆಂಡತಿಯರು, ಆ ಇಬ್ಬರನ್ನೂ ಹೊತ್ತುಕೊಂಡು ಹೋಗಲು ಕಾಯುತ್ತಿರುವ ಒಂದು ಡೈನೋಸಾರ್. ಕಾಮಿಡಿ ಉಂಟು, ಫ್ಯಾಂಟಸಿ ಉಂಟು, ಮೂರು ಹಾಡು, ಒಂದು ಭೂಕಂಪವೂ ಉಂಟು. ಭೂಕಂಪಕ್ಕೆ ಬಜೆಟ್ ಸಾಲದೆ ಕ್ಯಾಮೆರಾವನ್ನೇ ಅಲ್ಲಾಡಿಸಿ ಮುಗಿಸಿದ್ದಾರೆ.

ಆರೇಳು ವರ್ಷದ ಹಿಂದೆ ಇದರ ಶೂಟಿಂಗ್ ನಡೆದದ್ದು ರಾವಂದೂರಿನ ಪಕ್ಕದಲ್ಲಿರುವ ನಮ್ಮತ್ತೆಯ ಊರಿನಲ್ಲಿ. ಮೊದಲು ಕಾಕನಕೋಟೆ ಕಾಡಿನಲ್ಲೇ ತೆಗೆಯಬೇಕು ಅಂತಿತ್ತಂತೆ. ಪರ್ಮಿಷನ್ ಸಿಗಲಿಲ್ಲ. ಶಿಲಾಯುಗವನ್ನು ಊರಾಚೆಯ ನೀಲಗಿರಿ ತೋಪಿಗೆ ಶಿಫ್ಟ್ ಮಾಡಿದರು. ನೀಲಗಿರಿ ಮರ ನಮ್ಮ ದೇಶಕ್ಕೆ ಬಂದದ್ದೇ ಇತ್ತೀಚೆಗಲ್ಲವೇ ಎಂದು ಯಾರೂ ಕೇಳಲಿಲ್ಲ. ಗವಿಗೆ ಏನು ಮಾಡಿದರು ಗೊತ್ತೇ? ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಹುಣಸೂರು, ಪಿರಿಯಾಪಟ್ಟಣದ ಕಡೆ ಬಸ್ಸಿನಲ್ಲಿ ಹೋದವರು ನೋಡಿರುತ್ತೀರಿ, ಹೊಲಗಳ ಮಧ್ಯೆ ಕಿಟಕಿಯೇ ಇಲ್ಲದ ಎತ್ತರದ ಕಟ್ಟಡಗಳು. ಒಳಗೆ ಕಗ್ಗತ್ತಲೆ, ಗೋಡೆಗೆಲ್ಲ ಹೊಗೆಯ ಬಣ್ಣ. ನಿರ್ದೇಶಕರು ಒಳಗೆ ಹೋಗಿ ಒಂದು ಸುತ್ತು ನೋಡಿ, ಇನ್ನು ಸೆಟ್ ಹಾಕುವುದೇ ಬೇಡ ಎಂದರಂತೆ.

ನಟರಿಗೆ ಉಡಿಸಲು ಮೈಸೂರಿನಿಂದ ಪ್ಲಾಸ್ಟಿಕ್ ಎಲೆ ತಂದಿದ್ದರು. ಎರಡು ದಿನದ ಬಿಸಿಲಿಗೆ ಅವು ಸುರುಟಿಕೊಂಡು ಹಪ್ಪಳವಾದವು. ಆಗ ಕಾಸ್ಟ್ಯೂಮಿನವನು ಊರಿನ ಹೆಂಗಸರ ಹತ್ತಿರ ಬಂದು, “ನಿಮ್ಮಲ್ಲಿ ಯಾರಿಗಾದ್ರೂ ಎಲೆ ಕಟ್ಟೋಕೆ ಬರುತ್ತಾ?” ಎಂದು ಕೇಳಿದನಂತೆ. ಹೊಗೆಸೊಪ್ಪು ಬೆಳೆಯುವ ಊರಿನಲ್ಲಿ ಕೇಳುವ ಪ್ರಶ್ನೆಯೇ ಇದು? ಸುಗ್ಗಿ ಬಂದರೆ ಅಲ್ಲಿನ ಹೆಂಗಸರು ದಿನವಿಡೀ ಮಾಡುವುದು ಅದನ್ನೇ. ಕೋಲಿನ ಆ ಕಡೆ ಈ ಕಡೆ ಎಲೆ ಇಟ್ಟು ದಾರ ತಿರುವುತ್ತಾ ಹೋಗಬೇಕು. ನಮ್ಮತ್ತೆ ಆ ಕೆಲಸ ಮಾಡುವಾಗ ಕೈ ನೋಡುವುದೇ ಇಲ್ಲ, ರಸ್ತೆಯಲ್ಲಿ ಹೋಗಿಬರುವವರನ್ನು ವಿಚಾರಿಸಿಕೊಳ್ಳುತ್ತಿರುತ್ತಾರೆ. ಊಟದ ಹೊತ್ತಿಗೆ ಇಡೀ ಶಿಲಾಯುಗಕ್ಕೆ ಬಟ್ಟೆ ರೆಡಿಯಾಯಿತು.

ಯಾವ ಎಲೆಯಲ್ಲಿ? ಬ್ಯಾರನ್ನಿನ ಮುಂದೆ ರಾಶಿ ಬಿದ್ದಿದ್ದ ಎಲೆಯಲ್ಲೇ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹಸಿ ಹೊಗೆಸೊಪ್ಪಿನ ರಸ ಬೆವರಿನ ಜೊತೆ ಮೈಗೆ ಇಳಿದರೆ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಅದಕ್ಕೇ ನಮ್ಮ ಕಡೆಯ ಹೆಂಗಸರು ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು ಏರಿಸಿಕೊಂಡು ಸೊಪ್ಪಿನ ಕೆಲಸಕ್ಕೆ ಕೂರುವುದು. ಅತ್ತೆಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. “ಒಳಗಡೆ ಬನೀನು ಚಡ್ಡಿ ಆಕ್ಕಂಡು ಮೇಲೆ ಕಟ್ಕತಾರೆ ಅಂದ್ಕಂಡಿದ್ದೆ ಕಣ್ ಮಗ. ಬರಿಮೈಗೆ ಸುತ್ಕಂಡು ಬತ್ತಾರೆ ಅಂತ ನಂಗೇನು ಗೊತ್ತು” ಎನ್ನುತ್ತಾರೆ.

ಹೀರೋ ಬೆಂಕಿ ಕಂಡುಹಿಡಿಯುವ ದೃಶ್ಯ. ಕಲ್ಲಿಗೆ ಕಲ್ಲು ಉಜ್ಜುತ್ತಿದ್ದವನು ತೂರಾಡಿದ, ಎರಡು ಸುತ್ತು ತಿರುಗಿದ, ದಬಕ್ಕನೆ ಬಿದ್ದ. ಎಲ್ಲರೂ ಆಹಾ ಎಂಥ ನಟನೆ ಎಂದು ನೋಡುತ್ತಾ ನಿಂತರು. ನಟನೆಯಲ್ಲ ಎಂದು ತಿಳಿದದ್ದು ನಮ್ಮತ್ತೆಗೆ ಒಬ್ಬರಿಗೇ. ಮಜ್ಜಿಗೆ ಚೊಂಬು ಹಿಡಿದುಕೊಂಡು, ಮಾವನ ಚೌಕಳಿ ಶರ್ಟಿನಲ್ಲೇ, ನೇರ ಕ್ಯಾಮೆರಾದ ಮುಂದಕ್ಕೆ ಓಡಿದರು. ಓಡಿಹೋಗಿ ಹೀಗೆಂದರು: “ಎದ್ದೇಳ್ಲಾ ಮೂದೇವಿ. ಅಸಿ ಸೊಪ್ನ ಬರಿಮೈಗೆ ಕಟ್ಕಂಡ್ರೆ ತಲೆ ತಿರುಗ್ದೆ ಇನ್ನೇನಾದದು. ಮೊದ್ಲು ಬಿಚ್ಚಾಕು, ಮಜ್ಗೆ ಕುಡಿ.”

ನಿರ್ದೇಶಕರು ಕಟ್ ಹೇಳಲಿಲ್ಲ. ಹೀರೋ ಚೇತರಿಸಿಕೊಂಡ ಮೇಲೆ ಅತ್ತೆಯ ಹತ್ತಿರ ಬಂದು, “ಅಮ್ಮಾ, ಇದು ಪಿಕ್ಚರಲ್ಲಿ ಇದ್ದೇ ಇರುತ್ತೆ” ಎಂದು ಮಾತು ಕೊಟ್ಟರು.

ಸಿನಿಮಾ ಮೈಸೂರಿನ ಒಂದು ಥಿಯೇಟರಿನಲ್ಲಿ ಬಂತು. ಮೂರು ದಿನ ಇತ್ತು. ಆ ಮೂರು ದಿನವೂ ಅತ್ತೆಯ ಬ್ಯಾರನ್ನಿಗೆ ಬೆಂಕಿ ಹಾಕಿದ್ದರು. ಒಮ್ಮೆ ಬೆಂಕಿ ಹಾಕಿದರೆ ಸೊಪ್ಪು ಬೇಯುವವರೆಗೂ ಕಾವು ನೋಡಿಕೊಳ್ಳುತ್ತಾ ಅಲ್ಲೇ ಇರಬೇಕು. ಊರಿನಿಂದ ಸಿನಿಮಾಕ್ಕೆ ಹೋದವನು ಒಬ್ಬನೇ, ಅವನೂ ಏಸಿ ತಂಪಿಗೆ ನಿದ್ದೆ ಹೊಡೆದು ಬಂದ. ಅಲ್ಲಿಗೆ ಸಾಕ್ಷಿಯೇ ಇಲ್ಲದಂತಾಯಿತು.

ಇಷ್ಟೇ ಸಾಕಿತ್ತು ಪುಟ್ಟತಾಯಮ್ಮನವರಿಗೆ. ಅವರು ಅತ್ತೆಯ ಓರಗಿತ್ತಿ, ಮಾವನ ಅಣ್ಣನ ಹೆಂಡತಿ. ಎರಡು ಮನೆಗೂ ಒಂದೇ ಗೋಡೆ. ಶೂಟಿಂಗ್ ನಡೆದಾಗ ಅವರು ಭೇರ್ಯದಲ್ಲಿ ಮಗಳ ಮನೆಯಲ್ಲಿದ್ದರು, ಆ ಹೊಟ್ಟೆಯುರಿ ಬೇರೆ. ಯಾರೇ ನೆಂಟರು ಬರಲಿ, “ನಮ್ ಜಯನೂ ಪಿಚ್ಚರ್ ಮಾಡವ್ಳೆ. ಯಾರೂ ನೋಡಿಲ್ಲ ಅಷ್ಟೆ. ಅವ್ಳೂ ನೋಡಿಲ್ಲ” ಎನ್ನುತ್ತಿದ್ದರು. ಶೂಟಿಂಗಿನಲ್ಲಿ ನಿಂತವರೆಲ್ಲ ಪಿಚ್ಚರಿನಲ್ಲಿ ಇರುತ್ತಾರೆಯೇ ಎನ್ನುವುದು ಅವರ ವಾದ. ಅತ್ತೆ ಪ್ರತಿ ಸಲವೂ ತಮ್ಮ ಡೈಲಾಗನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ, ಬೇಕಾದರೆ ನಂಬಿ ಎನ್ನುತ್ತಿದ್ದರು. ನೆಂಟರು ಕಾಫಿ ಕುಡಿಯುತ್ತಾ ತಲೆಯಾಡಿಸುತ್ತಿದ್ದರು. ನಾನೂ ತಲೆಯಾಡಿಸಿದ್ದೇನೆ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

ಹೀಗಿರುವಾಗ ಹೋದ ತಿಂಗಳು ಆ ನಿರ್ದೇಶಕರೇ ನನಗೆ ಫೋನ್ ಮಾಡಿದರು. ‘ಗವಿಯಲ್ಲೊಬ್ಬ ಗಂಡ’ ಈಗ ಹೋಮ್ ವಿಡಿಯೋ ಆಗಿ ಬಿಡುಗಡೆಯಾಗಿದೆ, ಡಿವಿಡಿ ಕಳಿಸುತ್ತೇನೆ, ನಿಮ್ಮ ಪತ್ರಿಕೆಯ ಕಾಲಂನಲ್ಲಿ ಎರಡು ಸಾಲು ಬರೆಯಿರಿ ಎಂದರು. (ಬರೆಯುತ್ತಿದ್ದೇನೆ ಸ್ವಾಮಿ, ಎರಡು ಸಾಲು ಎಂದೋ ದಾಟಿತು.) ಈ ಕಾಲದಲ್ಲಿ ಡಿವಿಡಿ ಯಾಕೆ ಸಾರ್ ಎಂದೆ. ಓಟಿಟಿಯವರು ಫೋನ್ ಎತ್ತುತ್ತಿಲ್ಲ ಎಂದು ಪಾಪ ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಡಿವಿಡಿ ಬಂತು, ಅದನ್ನು ಹಾಕುವುದು ಎಲ್ಲಿ? ನನ್ನ ಲ್ಯಾಪ್‌ಟಾಪಿಗೆ ಬಾಯಿಯೇ ಇಲ್ಲ. ಹುಣಸೂರಿನಲ್ಲಿ ಟಿವಿ ರಿಪೇರಿ ಅಂಗಡಿಯವನನ್ನು ಕೇಳಿದರೆ ಅವನು ನನ್ನನ್ನೇ ಮೇಲಿಂದ ಕೆಳಗೆ ನೋಡಿದ. ಕೊನೆಗೆ ತಿಳಿಯಿತು, ನನಗೆ ಗೊತ್ತಿರುವ ಜಗತ್ತಿನಲ್ಲಿ ಕೆಲಸ ಮಾಡುತ್ತಿರುವ ಡಿವಿಡಿ ಪ್ಲೇಯರ್ ಇರುವುದು ಒಂದೇ ಒಂದು. ಕ್ರೋಶಾ ಬಟ್ಟೆ ಹೊದ್ದುಕೊಂಡು, ಪುಟ್ಟತಾಯಮ್ಮನವರ ಟಿವಿಯ ಕೆಳಗೆ. ಬಂದವರಿಗೆಲ್ಲ ಮಗಳ ಮದುವೆ ತೋರಿಸುವುದಕ್ಕೆ ಅದನ್ನು ಜೋಪಾನ ಮಾಡಿಟ್ಟಿದ್ದಾರೆ. (ಆ ಮದುವೆಯನ್ನು ನಾನು ಅದರಲ್ಲಿ ನಾಲ್ಕು ಸಲ ನೋಡಿದ್ದೇನೆ. ಮದುವೆಗೂ ಹೋಗಿದ್ದೆ.)

ಅತ್ತೆಗೆ ಹೇಳಿದೆ. ಮೂರು ದಿನ ಬಿಟ್ಟು ಅವರೇ ಫೋನ್ ಮಾಡಿ, “ಅಲ್ಲಾ ಮಗ, ಅವ್ಳ ಮನೇಲಿ ಅವ್ಳ ಚಾಪೆ ಮೇಲೆ ಕೂತ್ಕಂಡು, ನಾ ಅದ್ರಲ್ಲಿ ಇಲ್ಲ ಅಂತ ಆಗೋದ್ರೆ, ಆಮೇಲೆ ಎದ್ದು ಬರಾದು ಎಂಗೆ?” ಎಂದರು. ಕೊನೆಗೆ ತಾವೇ, “ಭಾನುವಾರ ಬಾ” ಎಂದು ಫೋನ್ ಇಟ್ಟರು.

ಭಾನುವಾರ ಹೋದರೆ ಪುಟ್ಟತಾಯಮ್ಮ ಬೀದಿಯವರನ್ನೆಲ್ಲ ಕರೆದು ಕೂರಿಸಿದ್ದರು. ಚಕ್ಕುಲಿ ಬೇರೆ ಮಾಡಿದ್ದರು. ಇಷ್ಟು ಉತ್ಸಾಹ ಯಾಕೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅತ್ತೆ ರೇಷ್ಮೆ ಅಂಚಿನ ಸೀರೆ ಉಟ್ಟು ಬಂದು ಬಾಗಿಲ ಪಕ್ಕದಲ್ಲೇ ಕುಳಿತರು.

ಸಿನಿಮಾ ಶುರುವಾಯಿತು. ಡೈನೋಸಾರ್ ಬಂತು. ಸೊಪ್ಪಿನ ಬೇಲ್ ಕಟ್ಟುವ ಗೋಣಿತಟ್ಟಿನಲ್ಲಿ ಹೊಲಿದದ್ದು, ಒಳಗೆ ಇಬ್ಬರು. ಮುಂದಿನವನು ಎಡಕ್ಕೆ ತಿರುಗಿದ, ಹಿಂದಿನವನು ಬಲಕ್ಕೆ ತಿರುಗಿದ, ಡೈನೋಸಾರ್ ತನ್ನ ಬಾಲವನ್ನು ತಾನೇ ದಿಟ್ಟಿಸಿ ನೋಡಿತು. “ಇಂದ್ಗಡೆ ಇರದು ನಮ್ ಕರಿಯಪ್ಪ ಕಣ್ರೋ, ಎಡಗಾಲು ಎಳೀತಾನೆ ನೋಡಿ” ಎಂದು ಯಾರೋ ಗುರುತು ಹಿಡಿದರು. ಹೀರೋ ಮೊದಲ ಹೆಂಡತಿಗೆ, “ಪ್ರಿಯೆ, ಇಂದು ನನಗೆ ಅಗ್ನಿಯು ಲಭಿಸುವುದು” ಎಂದ. ಸೊಪ್ಪು ಸುತ್ತಿಕೊಂಡವನ ಬಾಯಲ್ಲಿ ಇದನ್ನು ಕೇಳಿ ಬೀದಿಯವರೆಲ್ಲ ಬಿದ್ದುಬಿದ್ದು ನಕ್ಕರು. ಅತ್ತೆ ನಗಲಿಲ್ಲ.

ಬೆಂಕಿಯ ದೃಶ್ಯ ಬಂತು. ಹೀರೋ ತೂರಾಡಿದ, ತಿರುಗಿದ, ಬಿದ್ದ. ಆ ಕಡೆಯಿಂದ ಚೊಂಬು ಹಿಡಿದು ಓಡಿಬಂದದ್ದು ಸಾಕ್ಷಾತ್ ನಮ್ಮ ಜಯಮ್ಮತ್ತೆ. ಅರ್ಧ ಸ್ಕ್ರೀನಿನ ತುಂಬ ಮುಖ. ಚೌಕಳಿ ಶರ್ಟಿಗೆ ಕಂಪ್ಯೂಟರಿನಲ್ಲಿ ಕಂದು ಬಣ್ಣ ಬಳಿದು ಚರ್ಮ ಮಾಡಿದ್ದರು, ಗುಂಡಿ ಹಾಗೇ ಉಳಿದಿತ್ತು. ಪುಟ್ಟತಾಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನನಗೆ ಎಷ್ಟು ಖುಷಿಯಾಯಿತೆಂದರೆ ಚಕ್ಕುಲಿ ಕಡಿಯುವುದನ್ನೇ ಮರೆತೆ.

ಸ್ಕ್ರೀನಿನ ಮೇಲೆ ಅತ್ತೆ ಬಾಯಿ ತೆರೆದರು. ಒಳಗಿನಿಂದ ಯಾರದೋ ಸಣ್ಣ, ಸಿಹಿ, ಪೇಟೆಯ ದನಿ ಬಂತು: “ಏಳು ಕಂದಾ, ಏಳು. ವನದೇವತೆ ಮುನಿದಿರುವಳು. ಈ ಅಮೃತವನ್ನು ಸೇವಿಸು.”

ಡಬ್ಬಿಂಗ್.

ಪುಟ್ಟತಾಯಮ್ಮ ನಿಧಾನವಾಗಿ, “ಮೊಕ ನಿಂದೇ ಕಣ್ ಜಯಾ, ಒಪ್ಕಂಡೆ. ಬಾಯಿ ಯಾರ್ದು?” ಎಂದರು. ಬೀದಿಯವರು ಗೊಳ್ಳೆಂದರು. ಅತ್ತೆಯ ಮುಖ ನೋಡಲು ನನಗೆ ಆಗಲಿಲ್ಲ. ಆರೇಳು ವರ್ಷ ಒಂದೇ ಮಾತನ್ನು ಎಲ್ಲರ ಮುಂದೆ ಹೇಳಿಕೊಂಡು ಬಂದ ಹೆಂಗಸು, ಈಗ ಅವರ ಬಾಯಿಯೇ ಅವರನ್ನು ಸುಳ್ಳು ಮಾಡಿತ್ತು. ಡಿವಿಡಿಯನ್ನು ತಂದವನು ನಾನು. ತರದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅತ್ತೆ ಎದ್ದರು. ಮನೆಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ, ಜನರ ಮಧ್ಯೆ ದಾರಿ ಮಾಡಿಕೊಂಡು ಟಿವಿಯ ಪಕ್ಕಕ್ಕೆ ಹೋಗಿ ನಿಂತರು.

“ಮಗ, ಇಂದಕ್ಕೆ ಆಕು. ಸೌಂಡ್ ತೆಗಿ.”

ಹಿಂದಕ್ಕೆ ಹಾಕಿ, ಟಿವಿ ಮ್ಯೂಟ್ ಮಾಡಿದೆ. ಹೀರೋ ಸದ್ದಿಲ್ಲದೆ ಬಿದ್ದ. ಸ್ಕ್ರೀನಿನ ಅತ್ತೆ ಓಡಿಬಂದರು. ಟಿವಿಯ ಪಕ್ಕದ ಅತ್ತೆ ಸ್ಕ್ರೀನಿನ ಕಡೆ ತಿರುಗಿಯೂ ನೋಡದೆ, ಎದುರಿಗಿದ್ದ ಓರಗಿತ್ತಿಯನ್ನೇ ನೋಡುತ್ತಾ ಶುರು ಮಾಡಿದರು. “ಎದ್ದೇಳ್ಲಾ ಮೂದೇವಿ...” ಒಂದೊಂದು ಅಕ್ಷರವೂ ಸ್ಕ್ರೀನಿನ ತುಟಿಗೆ ಕೂತಿತು. ಬಿಚ್ಚಾಕು ಎಂದಾಗ ಅಲ್ಲಿಯೂ ಬಾಯಿ ಬಿರಿಯಿತು, ಕುಡಿ ಎಂದಾಗ ಅಲ್ಲಿಯೂ ತುಟಿ ಮುಂದೆ ಬಂತು. ಡಬ್ಬಿಂಗ್ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ಹತ್ತು ಟೇಕ್ ತೆಗೆದುಕೊಳ್ಳುವವರಿಗೂ ಇಷ್ಟು ಕರೆಕ್ಟಾಗಿ ಕೂರುವುದಿಲ್ಲ.

ಯಾರೂ ನಗಲಿಲ್ಲ. ಪುಟ್ಟತಾಯಮ್ಮ ಸ್ಕ್ರೀನು ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಸ್ಕ್ರೀನು ನೋಡಿದರು. “ಇನ್ನೊಂದ್ ಸಲ ಆಕಪ್ಪ” ಎಂದರು ನನಗೆ.

ಇನ್ನೊಂದು ಸಲ ಹಾಕಿದೆ. ಮೂರನೆಯ ಸಲ ಪುಟ್ಟತಾಯಮ್ಮನೂ ಅತ್ತೆಯ ಜೊತೆ ಸೇರಿ ಡೈಲಾಗ್ ಹೇಳಿದರು. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿತ್ತು. ಆಮೇಲೆ ಒಳಗೆ ಹೋಗಿ ಕಾಫಿ ತಂದರು, ಮೊದಲ ಲೋಟ ಅತ್ತೆಯ ಕೈಗೆ ಕೊಟ್ಟರು. ಸಿನಿಮಾದ ಉಳಿದ ಭಾಗವನ್ನು ನೋಡುವ ನೆನಪು ಯಾರಿಗೂ ಬರಲಿಲ್ಲ. ಡೈನೋಸಾರ್ ಯಾವ ಹೆಂಡತಿಯನ್ನು ಹೊತ್ತುಕೊಂಡು ಹೋಯಿತೋ ನನಗೆ ಈಗಲೂ ಗೊತ್ತಿಲ್ಲ.

ಮರುದಿನ ನಿರ್ದೇಶಕರಿಗೆ ಫೋನ್ ಮಾಡಿದೆ. ಸಿಟ್ಟು ಇತ್ತು, ಆದರೂ ಮೆತ್ತಗೆ ಕೇಳಿದೆ. ಅಲ್ಲ ಸಾರ್, ನಮ್ಮತ್ತೆ ಆಡಿದ ಮಾತನ್ನೇ ಯಾಕೆ ಉಳಿಸಿಕೊಳ್ಳಲಿಲ್ಲ?

“ಆ ಸ್ಲಾಂಗು ಸ್ಟೋನ್ ಏಜ್‌ಗೆ ಸೆಟ್ ಆಗಲ್ಲ ಸಾರ್. ಜನ ನಂಬಲ್ಲ” ಎಂದರು.

ಜನ ನಂಬುವುದಿಲ್ಲವಂತೆ. ಗೋಣಿತಟ್ಟಿನ ಡೈನೋಸಾರ್ ನಂಬುತ್ತಾರೆ, ನೀಲಗಿರಿ ತೋಪು ನಂಬುತ್ತಾರೆ, ಗುಂಡಿ ಇರುವ ಚರ್ಮ ನಂಬುತ್ತಾರೆ, ರಾವಂದೂರಿನ ಹೆಂಗಸು ರಾವಂದೂರಿನ ಹಾಗೆ ಮಾತಾಡಿದರೆ ಮಾತ್ರ ನಂಬುವುದಿಲ್ಲ. ಹಾಗಾದರೆ ಈಗಿನ ಕಾಲದ ಕತೆ ಮಾಡಿದರೆ ಹಾಕಿಕೊಳ್ಳುತ್ತೀರಾ ಎಂದೆ. “ಅದಕ್ಕೆ ಸಿಟಿ ಆಡಿಯನ್ಸ್ ಬರ್ತಾರಲ್ಲ ಸಾರ್, ಕಷ್ಟ” ಎಂದರು. ಆಮೇಲೆ ನನ್ನನ್ನು ಸಮಾಧಾನ ಮಾಡಲೋ ಏನೋ, ಮುಂದಿನ ಸಿನಿಮಾ ಸಾವಿರ ವರ್ಷದಾಚೆ ನಡೆಯುತ್ತದೆ, ಸ್ಪೇಸ್‌ಶಿಪ್ ಎಲ್ಲ ಇದೆ, ಅದರಲ್ಲಿ ಎಲ್ಲರೂ ಮಾತಾಡುವುದು ಇಂಗ್ಲಿಷು ಎಂದರು.

ಹಿಂದೆ ಇರಲಿಲ್ಲ, ಈಗ ಬೇಡ, ಮುಂದೆ ಇರುವುದಿಲ್ಲ. ಹಾಗಾದರೆ ನಮ್ಮತ್ತೆ ಯಾವ ಯುಗದಲ್ಲಿ ಬಾಯಿ ಬಿಡಬೇಕು ಸ್ವಾಮಿ?