ಗ್ಲೆನಿಸ್‌ಳ ಪರೀಕ್ಷೆ ಚೀಲ

ಗ್ಲೆನಿಸ್ ಬ್ರಾಕಲ್ಸ್‌ಬಿ ಹಟಮಾರಿ ಎಂಬುದು ಮೇಬಲ್‌ಥಾರ್ಪ್‌ನ ಕಡಲದಂಡೆಯಲ್ಲಿ ಮಕ್ಕಳಿಗೆ ಕತ್ತೆಸವಾರಿ ಮಾಡಿಸುವವರಿಗೂ ಗೊತ್ತು. ಜನ ನಾಣ್ಯ ಹಾಕಿ ಆಡುವ ಡೆಸ್ಮಂಡನ ಆಟದ ಮಳಿಗೆಯಲ್ಲಿ ಚಿಲ್ಲರೆ ಯಂತ್ರಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಜನ ಒಂದು ಪೌಂಡು ಹಾಕಿದರೆ ಯಂತ್ರ ಎರಡು ಪೆನ್ನಿಯ ಐವತ್ತು ನಾಣ್ಯ ಸುರಿಯಬೇಕು. ಒಳಗೆ ನಾಣ್ಯ ತುಂಬಿದ ಬಕೆಟ್ಟಿನಂಥ ಹಾಪರ್, ಅದರ ತಳದಲ್ಲಿ ತಿರುಗುವ ತೂತಿನ ತಟ್ಟೆ. ತಟ್ಟೆ ನಾಣ್ಯಗಳನ್ನು ಒಂದೊಂದಾಗಿ ಬಾಯಿಯ ಕಡೆಗೆ ನೂಕುತ್ತದೆ, ಬಾಯಲ್ಲಿರುವ ಬೆಳಕಿನ ಕಣ್ಣು ಎಣಿಸುತ್ತದೆ. ಕೆಲಸ ಇಷ್ಟೇ. ಆದರೆ ಕಡಲೂರಿನ ಜನ ನಾಣ್ಯದ ಜೊತೆ ಮರಳು, ಬೊಂಬಾಯಿ ಮಿಠಾಯಿಯ ಅಂಟು, ತಲೆಪಿನ್ನು ಎಲ್ಲವನ್ನೂ ತಂದು ಸೇರಿಸುತ್ತಾರೆ. ಅವನ್ನೆಲ್ಲ ಕೆರೆದು ತೆಗೆದು, ಸತ್ತಿತು ಎಂದ ಯಂತ್ರವನ್ನೂ ಗ್ಲೆನಿಸ್ ಬದುಕಿಸಿದ್ದಾಳೆ. ಕೆಟ್ಟದ್ದನ್ನು ಕೆಟ್ಟದ್ದು ಎಂದು ಬಿಟ್ಟು ಮನೆಗೆ ಹೋದ ಹೆಂಗಸಲ್ಲ ಅವಳು.

ಆ ಈಸ್ಟರ್ ರಜೆಯಲ್ಲಿ ಗೋಳು ಶುರುವಾಯಿತು. ಯಂತ್ರ ಕಡಿಮೆ ಕೊಟ್ಟಿತು ಎಂದು ಜನ ಒಬ್ಬೊಬ್ಬರೇ ಏವಿಸ್‌ಳ ಗಾಜಿನ ಗೂಡಿಗೆ ಬರತೊಡಗಿದರು. ಏವಿಸ್ ಅಲ್ಲಿನ ಕ್ಯಾಷಿಯರ್, ಗ್ಲೆನಿಸ್‌ಳ ಬಹುಕಾಲದ ಗೆಳತಿ. ಮಕ್ಕಳನ್ನು ಕರೆದುಕೊಂಡು ಬಂದವರ ಜೊತೆ ಎರಡು ಪೆನ್ನಿಗೆ ಜಗಳವಾಡುವುದು ಆ ದಂಡೆಯಲ್ಲಿ ಮರ್ಯಾದೆಯಲ್ಲ. ಅದಕ್ಕೇ ಅವಳು ಕೇಳಿದವರಿಗೆಲ್ಲ ತನ್ನ ಡ್ರಾಯರಿನಿಂದ ತುಂಬಿಕೊಟ್ಟಳು. ವಾರ ಮುಗಿಯುವಷ್ಟರಲ್ಲಿ ಡ್ರಾಯರಿನ ಲೆಕ್ಕ ತಪ್ಪಿತ್ತು. ಡೆಸ್ಮಂಡನಿಗೆ ಅನುಮಾನ ಬಂತು. ಯಂತ್ರ ನಿಜವಾಗಿಯೂ ಕಡಿಮೆ ಕೊಡುತ್ತಿದೆಯೇ ಎಂದು ಗ್ಲೆನಿಸ್‌ಳನ್ನು ಕೇಳಿದ. ಅವಳು ಪರೀಕ್ಷೆ ಮಾಡಿದಳು. ಮತ್ತೆ ಮಾಡಿದಳು. ಪ್ರತಿ ಸಲವೂ ಐವತ್ತಕ್ಕೆ ಐವತ್ತು.

"ಹಾಪರ್ ಸರಿಯಾಗಿದೆ," ಎಂದಳು.

ಆ ಮಾತಿನ ಅರ್ಥ ಏನೆಂದು ಅವಳಿಗೆ ಗೊತ್ತಿತ್ತು. ಯಂತ್ರ ಸರಿಯಿದ್ದರೆ ಕೈ ಸರಿಯಿಲ್ಲ. ರಜೆ ಮುಗಿದ ಮೇಲೆ ಬರುವುದು ಬೇಡ ಎಂದು ಡೆಸ್ಮಂಡ್ ಏವಿಸ್‌ಗೆ ಹೇಳಿಬಿಟ್ಟ. ಚಿಕ್ಕ ಊರು, ಕಳ್ಳಿ ಎಂಬ ಹೆಸರು ಒಮ್ಮೆ ಅಂಟಿದರೆ ಅವಳನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿಕೊಳ್ಳುವ ಅಂಗಡಿ ಇನ್ನೊಂದು ಸಿಗುವುದಿಲ್ಲ.

ಹಾಗೆ ಹೇಳಿಬಂದ ಮೇಲೆ ಗ್ಲೆನಿಸ್‌ಗೆ ಊಟ ಸೇರಲಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ, ಏವಿಸ್ ಕೂಡ ಹೇಳುವವಳಲ್ಲ. ಹಾಗಾದರೆ ಹೇಳುತ್ತಿರುವುದು ಯಾರು? ಮೋಟಾರು ಬದಲಿಸಿದಳು. ಸ್ಪ್ರಿಂಗು ಬದಲಿಸಿದಳು. ಪಕ್ಕದ ಯಂತ್ರದ ತಟ್ಟೆಯನ್ನು ಕಳಚಿ ತಂದು ಹಾಕಿದಳು. ಪ್ರತಿ ಸಲವೂ ಹಾಪರ್ ಖಾಲಿ ಮಾಡಿ, ತನ್ನ ಬಟ್ಟೆಯ ಚೀಲದಲ್ಲಿದ್ದ ನಾಣ್ಯ ಸುರಿದು ನೋಡಿದಳು. ಈ ಕಸುಬಿನವರೆಲ್ಲರ ಬಳಿಯೂ ಅಂಥದ್ದೊಂದು ಚೀಲ ಇರುತ್ತದೆ. ಸೊಟ್ಟಗಾಗದ, ಕೊಳೆಯಾಗದ, ಆರಿಸಿಟ್ಟ ನಾಣ್ಯಗಳು. ದೋಷ ಯಂತ್ರದ್ದೋ ನಾಣ್ಯದ್ದೋ ಎಂಬ ಗೊಂದಲ ಬೇಡ ಎಂದು. ಮತ್ತೆ ಐವತ್ತಕ್ಕೆ ಐವತ್ತು.

ರಜೆಯ ಕೊನೆಯ ದಿನ ಮಧ್ಯಾಹ್ನ ಏವಿಸ್ ತನ್ನ ಸ್ವೆಟರ್, ಚಪ್ಪಲಿ ತೆಗೆದುಕೊಂಡು ಹೊರಟವಳು ಯಂತ್ರದ ಮುಂದೆ ನಿಂತಳು. ಗ್ಲೆನಿಸ್ ಚೀಲ ಹಿಡಿದು ನೆಲದ ಮೇಲೆ ಕೂತಿದ್ದಳು.

"ಅದಕ್ಕೆ ಮನೆ ಊಟ ಹಾಕಿ ಹೊಟ್ಟೆ ಸರಿಯಿದೆ ಅಂತೀಯಲ್ಲೇ," ಎಂದಳು ಏವಿಸ್. "ದಿನಾ ಏನು ತಿನ್ನಿಸ್ತೀಯೋ ಅದನ್ನೇ ಹಾಕಿ ನೋಡು."

ಅಷ್ಟು ಹೇಳಿ ಬಾಗಿಲ ಕಡೆ ನಡೆದಳು. ಗ್ಲೆನಿಸ್ ಚೀಲ ಪಕ್ಕಕ್ಕೆ ಎಸೆದು, ಬದಿಗಿಟ್ಟಿದ್ದ ಯಂತ್ರದ ನಾಣ್ಯಗಳನ್ನೇ ವಾಪಸು ಸುರಿದಳು. ಪೌಂಡು ಹಾಕಿದಳು. ನಲವತ್ತೇಳು ಬಂತು. ಮತ್ತೊಂದು ಹಾಕಿದಳು. ನಲವತ್ತಾರು.

ಹಾಪರಿನ ಬಾಯಿ ಬಿಚ್ಚಿ ಟಾರ್ಚು ಹಿಡಿದಳು. ನಾಣ್ಯವನ್ನು ಚಿಮ್ಮಿಸುವ ಪುಟ್ಟ ಗಾಲಿಯ ಸುತ್ತ ಹಸಿರು ಅಂಟು. ಕೊಳಕು ನಾಣ್ಯ ಅಲ್ಲಿ ಹಿಡಿದುಕೊಂಡು, ಒಮ್ಮೆ ಕುಪ್ಪಳಿಸಿ ಆಮೇಲೆ ಬೀಳುತ್ತಿತ್ತು. ಕಣ್ಣು ಆ ಒಂದನ್ನೇ ಎರಡು ಎಂದು ಎಣಿಸುತ್ತಿತ್ತು. ಬೆರಳಿಗೆ ಹತ್ತಿದ ಅಂಟನ್ನು ಮೂಸಿದಳು. ಹುಳಿ ವಾಸನೆ.

ಯಾರ ಕೆಲಸವೆಂದು ಬೇರೆ ಹೇಳಬೇಕಾಗಿರಲಿಲ್ಲ. ಚಳಿಗಾಲವಿಡೀ ಮುಚ್ಚಿದ ಮಳಿಗೆಯಲ್ಲಿ ನಾಣ್ಯಗಳು ಉಪ್ಪುಗಾಳಿಗೆ ಕಿಲುಬು ಹಿಡಿದಿದ್ದವು. ಆ ದಂಡೆಯಲ್ಲಿ ತಾಮ್ರ ಹೊಳೆಯಬೇಕಾದರೆ ಎಲ್ಲರ ಕೈಯೂ ಚಿಪ್ಸ್ ಅಂಗಡಿಯ ವಿನಿಗರ್ ಡಬ್ಬಿಗೇ ಹೋಗುತ್ತದೆ. ಗ್ಲೆನಿಸ್ ಬಕೆಟ್ಟುಗಟ್ಟಲೆ ವಿನಿಗರಿನಲ್ಲಿ ಅದ್ದಿ ತೆಗೆದಿದ್ದಳು. ಬಾಗಿಲು ತೆರೆಯುವ ದಿನ ಬಂದೇಬಿಟ್ಟಿತ್ತು, ನೀರಿನಲ್ಲಿ ಸರಿಯಾಗಿ ತೊಳೆಯಲಿಲ್ಲ, ಒಣಗಿಸಲೂ ಇಲ್ಲ. ಹೊಳೆಯುತ್ತಿದ್ದ ನಾಣ್ಯ ಯಂತ್ರದ ಹೊಟ್ಟೆಯೊಳಗೆ ಕೂತು ಮತ್ತೆ ಕಿಲುಬು ಕಕ್ಕಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ನಾಳೆ ಹೇಳಿದರಾಯಿತು ಎಂದುಕೊಳ್ಳುವ ಜಾಯಮಾನ ಅವಳದಲ್ಲ. ಕೈ ಒರೆಸಿಕೊಳ್ಳದೆ ಎದ್ದು ಓಡಿ, ಹೊರಗೆ ಡೋನಟ್ ಗಾಡಿಯ ಹತ್ತಿರ ಏವಿಸ್‌ಳನ್ನು ಹಿಡಿದು ನಿಲ್ಲಿಸಿದಳು. ಕೈಹಿಡಿದು ಎಳೆದುಕೊಂಡೇ ಬಂದಳು. ಜನ ತುಂಬಿದ ಮಳಿಗೆಯ ನಡುವೆ ಡೆಸ್ಮಂಡನನ್ನು ಕೂಗಿ ಕರೆದು, ಯಂತ್ರಕ್ಕೆ ಪೌಂಡು ಹಾಕಿ, ಬಿದ್ದ ನಾಣ್ಯಗಳನ್ನು ಅವನೇ ಎಣಿಸುವಂತೆ ಮಾಡಿದಳು.

"ಡೆಸ್ಮಂಡ್, ಕಡಿಮೆ ಕೊಟ್ಟಿದ್ದು ಯಂತ್ರ. ಅದನ್ನ ಕೆಡಿಸಿದ್ದು ನಾನು. ಇವಳ ಕೆಲಸ ತೆಗೆಯೋದಾದ್ರೆ ಮೊದಲು ನನ್ನದು ತೆಗೀರಿ."

ಡೆಸ್ಮಂಡ್ ಕೆಮ್ಮಿದ. ಏವಿಸ್‌ಳ ಕ್ಷಮೆ ಕೇಳಿದ, ಡ್ರಾಯರಿನ ಕೊರತೆ ಮಳಿಗೆಯದೇ ಎಂದ, ನಾಳೆ ಎಂದಿನಂತೆ ಬರಬೇಕು ಎಂದ. ಏವಿಸ್ ಅವನ ಕಡೆ ತಲೆಯಾಡಿಸಿದಳು. ಆಮೇಲೆ ಗ್ಲೆನಿಸ್‌ಳ ಕಡೆ ತಿರುಗಿದಳು.

"ಅವರು ನಂಬಲಿಲ್ಲ, ಅದು ಬಿಡು. ನನ್ನನ್ನ ನಂಬೋಕೆ ನೀನು ಯಂತ್ರ ಬಿಚ್ಚಬೇಕಾಯ್ತೇನೇ?"

ಗ್ಲೆನಿಸ್‌ಗೆ ಇದ್ದದ್ದು ಒಂದೇ ಉತ್ತರ. "ಬಿಚ್ಚಬೇಕಾಯ್ತು," ಎಂದಳು. ಸುಳ್ಳು ಹೇಳಿ ಸಮಾಧಾನ ಮಾಡುವುದು ಅವಳಿಗೆ ಬರುತ್ತಿರಲಿಲ್ಲ.

ಏವಿಸ್ ಗೂಡಿನೊಳಗೆ ಹೋಗಿ ಕೂತು ಗಾಜು ಎಳೆದುಕೊಂಡಳು. ಮರುದಿನ ಬೆಳಿಗ್ಗೆ ಗ್ಲೆನಿಸ್ ಎರಡು ಕಪ್ ಚಹಾ ತಂದು ಗಾಜು ತಟ್ಟಿದಳು. ತೆರೆಯಲಿಲ್ಲ. ಒಂದು ಕಪ್ಪನ್ನು ಅಲ್ಲೇ ಹಲಗೆಯ ಮೇಲಿಟ್ಟು ಕೆಲಸಕ್ಕೆ ಹೋದಳು. ಅದು ತಣ್ಣಗಾಯಿತು. ಅದರ ಮರುದಿನವೂ ಎರಡು ಕಪ್ ತಂದಳು.