ಬೇಲಿಗೂ ರಸ್ತೆಗೂ ನಡುವಿನ ಜಾಗ

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ನಾನು ಭೂಗೋಳದ ಮೇಷ್ಟ್ರಾಗಿ ನಿವೃತ್ತನಾಗಿದ್ದೆ. ಬೆಳಿಗ್ಗೆ ಹತ್ತಕ್ಕೆ ಶ್ರೀನಿವಾಸಪುರದ ಇಂಟರ್ನೆಟ್ ಸೆಂಟರಿನಲ್ಲಿ ಕೂತರೆ ಹನ್ನೊಂದಕ್ಕೆ ಏಳುತ್ತಿದ್ದೆ. ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯೊಂದರಲ್ಲಿ ನಮ್ಮ ಮಾವಿನ ತೋಪುಗಳನ್ನು ಗುರುತಿಸುವುದು ನಾನೇ ಹಾಕಿಕೊಂಡ ಕೆಲಸ. ಯಲ್ದೂರು ರಸ್ತೆಯನ್ನು ಮುಖ ಕಾಣದ ಯಾರೋ ಮೊದಲೇ ಎಳೆದಿದ್ದರು.

ನಕ್ಷೆಯಲ್ಲಿ ಬಣ್ಣಕ್ಕೂ ಗೆರೆಗೂ ನಡುವೆ ಬಿಳಿ ಉಳಿಯಬಾರದು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ತೋಪಿನ ಅಂಚಿನ ಚುಕ್ಕಿಗಳನ್ನು ರಸ್ತೆಯ ಗೆರೆಗೇ ಅಂಟಿಸಿದೆ. ಬೇಲಿ ಇರುವುದು ರಸ್ತೆಯಿಂದ ಹತ್ತು ಹೆಜ್ಜೆ ಆಚೆ ಎಂಬುದು ಆಮೇಲೆ ನೆನಪಾಯಿತು. ಅಂಚನ್ನು ಅವಸರದಲ್ಲಿ ಒಳಕ್ಕೆ ಎಳೆದು, ಸೇವ್ ಒತ್ತಿ ಎದ್ದೆ.

ಮರುದಿನ ಹೆಂಡತಿಯ ತಮ್ಮನೂ ಜೊತೆಗೆ ಬಂದ. ತೋಪು ಅವನದೇ. ರಸ್ತೆ ಅಗಲ ಮಾಡಲು ಅಳತೆಯವರು ಆಗಷ್ಟೇ ಅವನ ಮುಂದಿನ ಸಾಲಿನ ಮರಗಳಿಗೆ ಕಡಿಯುವ ಗುರುತಾಗಿ ಕೆಂಪು ಬಣ್ಣ ಬಳಿದು ಹೋಗಿದ್ದರು. ನಕ್ಷೆ ತೆರೆದೆ. ನಾನು ಎಳೆದ ಅಂಚಿನ ಜೊತೆ ಅದಕ್ಕೆ ಅಂಟಿದ್ದ ರಸ್ತೆಯೂ ಬಂದು, ವಕ್ರವಾಗಿ ತಿರುಗಿ ತೋಪಿನೊಳಗೆ ನುಗ್ಗಿತ್ತು.

"ಏಮಿ ಬಾವ ಇದಿ? ರೋಡು ನನ್ ತೋಟದೊಳಗೇ ಬಂದೈತಲ್ಲ!"

"ಗೆರೆ ಜರುಗಿದೆ ಕಣೋ. ಸರಿ ಮಾಡ್ತೀನಿ."

"ನಿನ್ನೆಯಿಂದ ಎಲ್ರಿಗೂ ಹಿಂಗೇ ಕಾಣ್ತಾ ಐತಾ?"

"ಹೂಂ."

"ಅಳತೆಯವ್ರಿಗೂ?"

ನಾನು ಮೌಸಿಗೆ ಕೈ ಹಾಕಿದೆ.

"ಒಂದ್ ಸಾಲಿಗೆ ಬಣ್ಣ ಹಚ್ಚೋಕೆ ಅವ್ರಿಗೆ ಎರಡ್ ದಿನ ಬೇಕಾಯ್ತು. ನೀವು ಒಂದೇ ಗಂಟೇಲಿ ತೋಟಾನೇ ಕಡ್ದಾಕಿದ್ರಿ!"

ರಸ್ತೆಯನ್ನು ಹಿಂದಕ್ಕೆ ಎಳೆದರೆ ತೋಪಿನ ಅಂಚೂ ಬರುತ್ತಿತ್ತು, ಅಂಟಿಸಿದವನು ನಾನೇ. ಕೊನೆಗೆ ಒಂದೊಂದೇ ಚುಕ್ಕಿಯನ್ನು ಬಿಡಿಸಿ, ರಸ್ತೆಯನ್ನು ಅದರ ಜಾಗಕ್ಕೆ ತಂದು, ತೋಪನ್ನು ಬೇಲಿಯ ಬಳಿ ನಿಲ್ಲಿಸುವಷ್ಟರಲ್ಲಿ ಮಧ್ಯಾಹ್ನ ಒಂದಾಗಿತ್ತು. ಅವನು ಕುರ್ಚಿಯ ಹಿಂದೆ ನಿಂತೇ ಇದ್ದ.

"ಈಗ ಸರಿ. ನಿನ್ನೇನೇ ನೋಡಿ ಬರ್ಕೊಂಡೋರು ಇದ್ರೆ?"

ಅಂಥ ನಕ್ಷೆ ನೋಡಿ ಯಾರೂ ರಸ್ತೆ ಮಾಡುವುದಿಲ್ಲ ಎಂದು ಅವನಿಗೆ ಹೇಳಿದೆ. ನನಗೆ ನಾನು ಎಷ್ಟು ಹೇಳಿಕೊಂಡರೂ ನಂಬಿಕೆ ಬರಲಿಲ್ಲ. ಯಲ್ದೂರು ಕಡೆ ಅಳತೆಯವರ ಜೀಪು ಬಂದಿತ್ತು ಎಂದು ಯಾರಾದರೂ ಅಂದರೆ ಊಟ ಸೇರುತ್ತಿರಲಿಲ್ಲ.

ಮರ ಕಡಿಯುವ ದಿನ ಬೆಳಿಗ್ಗೆಯೇ ಹೋಗಿ ತೋಪಿನಲ್ಲಿ ನಿಂತೆ. ಮುಂದಿನ ಸಾಲು ಉರುಳಿತು. ಎರಡನೆಯ ಸಾಲಿನ ಮೊದಲ ಮರಕ್ಕೆ ಒರಗಿಸಿದ್ದ ಗರಗಸವನ್ನು ಆಳೊಬ್ಬ ಎತ್ತಿಕೊಂಡಾಗ ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವನು ಅದನ್ನು ಲಾರಿಗೆ ಹಾಕಿ ತಾನೂ ಹತ್ತಿದ.